ನಡುಮನೆಯ ಹಸಿರು ದೀಪ

ನಡುಮನೆಯ ಬಾಗಿಲ ಮೇಲೆ ಹಸಿರು ದೀಪ ಹೊತ್ತಿತು. ಊರಿನ ಎಲ್ಲ ಮನೆಗಳ ಹಾಗೆ ನಮ್ಮಲ್ಲೂ ಈ ಬಾಗಿಲು ಹೆಂಗಸರ ಫೋನಿನಲ್ಲಿರುವ ಮುಟ್ಟಿನ ಆಪ್ ಹೇಳಿದಂತೆ ಕೇಳುತ್ತದೆ. ಮುಟ್ಟಿನ ದಿನ ಎಂದು ಆಪ್ ಹೇಳಿದರೆ ಕೆಂಪು ದೀಪ, ಬೀಗ.

ಒಳಗೆ ನನ್ನ ಗಂಡ ಮುಕುಂದನ ವೈಕುಂಠ ಸಮಾರಾಧನೆಗೆ ಎಲೆ ಹಾಕಿದ್ದರು.

"ಬಾರೇ, ತುಪ್ಪ ಬಡಿಸು," ಎಂದರು ಅತ್ತೆ.

"ನಾನು ಮುಟ್ಟಾಗಿದೀನಿ ಅತ್ತೆ. ಬೆಳಿಗ್ಗೆಯಿಂದ."

"ಹಸಿರು ಬಂದಿದೆಯಲ್ಲ. ಕೆಲಸ ತಪ್ಪಿಸ್ಕೊಳ್ಳೋಕೆ ನೆಪ ಬೇಡ."

"ಅವತ್ತು ಆಗಿಲ್ಲ ಅಂದೆ. ಅವತ್ತೂ ನೀವು ನಂಬಲಿಲ್ಲ."

ಅವತ್ತು, ಮುಕುಂದ ತೀರಿಕೊಂಡ ದಿನ, ಅವನನ್ನು ಇದೇ ನಡುಮನೆಯಲ್ಲಿ ಮಲಗಿಸಿದ್ದರು. ಆಪಿನ ಲೆಕ್ಕದಲ್ಲಿ ನನಗೆ ಮುಟ್ಟು ಬಂದಿತ್ತು, ಮೈಗೆ ಬಂದಿರಲಿಲ್ಲ. ಕೆಂಪು ದೀಪದ ಕೆಳಗೆ ನಿಂತು ಬಾಗಿಲು ಬಡಿದೆ. ಅವನ ಬಾಯಿಗೆ ತುಳಸಿ ನೀರು ಬಿಟ್ಟವರು ಬೇರೆ ಯಾರೋ. ನಾನು ಮುಖ ನೋಡುವ ಮೊದಲೇ ಎತ್ತಿಕೊಂಡು ಹೋದರು.

"ಆ ಮಾತು ಈಗ್ಯಾಕೆ? ಆಪ್ ಎಲ್ಲಾದರೂ ಸುಳ್ಳು ಹೇಳತ್ತಾ? ಪುರೋಹಿತರು ಕಾಯ್ತಿದಾರೆ, ಬಾ."

ಒಳಗೆ ಹೋದೆ. ತುಪ್ಪದ ಗಿಂಡಿಯನ್ನು ಮುಟ್ಟಲಿಲ್ಲ. ಎಲೆಗಳನ್ನು ದಾಟಿ, ಅವನನ್ನು ಮಲಗಿಸಿದ್ದ ಜಾಗದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಸೀರೆ ನೆನೆದು ರಕ್ತ ನೆಲಕ್ಕಿಳಿಯಿತು. ಪುರೋಹಿತರು ಎಲೆ ಬಿಟ್ಟು ಎದ್ದರು. ಮಾವನವರು ಗೋಡೆಯ ಕಡೆ ತಿರುಗಿ ನಿಂತರು.

"ಏಳೇ. ಹೊರಗೆ ಹೋಗು," ಎಂದರು ಅತ್ತೆ.

ನಾನು ಬಾಗಿಲ ಕಡೆ ಕೈ ತೋರಿಸಿದೆ.

"ಇನ್ನೂ ಹಸಿರೇ ಇದೆ ಅತ್ತೆ," ಎಂದೆ. ಏಳಲಿಲ್ಲ.