ಭಾಗೂ ನೋಡಿದ ಊರುಗಳು

ದೇವಕ್ಕ ಪತ್ರದ ನಡುವಿನ ಎಂಟು ಸಾಲುಗಳನ್ನು ನುಂಗಿಬಿಟ್ಟಳು.

ತಂಗಿ ಭಾಗೂ ಆರಾಮವಾಗಿದ್ದಾಳೆ, ಪರೀಕ್ಷೆ ಹತ್ತಿರ ಬಂದಿದೆ, ಅವ್ವನ ಮೊಣಕಾಲು ಹೇಗಿದೆ ಎಂದು ಕೇಳಿದ್ದಾಳೆ. ಇಷ್ಟನ್ನು ಓದಿ ನೀಲಿ ಕಾಗದ ಮಡಚಿದಳು. ಎದುರಿಗೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ತಾಯಿ ಸುಂದ್ರವ್ವ ತಲೆ ಎತ್ತಿದಳು.

"ಇಷ್ಟ ಬರದಾಳೇನು? ಐತವಾರ ಎಲ್ಲಿ ಹೋಗಿದ್ಲಂತ?"

ಸುಂದ್ರವ್ವನಿಗೆ ಓದು ಬಾರದು. ಆದರೂ ಪತ್ರದಲ್ಲಿ ಇನ್ನೂ ಏನೋ ಉಳಿದಿದೆ ಎಂಬುದು ಆಕೆಗೆ ಹೇಗೋ ತಿಳಿಯುತ್ತಿತ್ತು. ದೇವಕ್ಕ ಹಲ್ಲು ಕಚ್ಚಿಕೊಂಡು ಕಾಗದ ಬಿಚ್ಚಿದಳು. ಭಾಗೂ ಗೆಳತಿಯರ ಜೊತೆ ರೈಲು ಹತ್ತಿ ಬ್ರೈಟನ್ ಎಂಬ ಊರಿಗೆ ಹೋಗಿದ್ದಳು. ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ತುದಿಯಲ್ಲಿ ನಿಂತಿದ್ದಳು. ಗಾಳಿಗೆ ಸೆರಗು ಕೈಗೇ ಸಿಗಲಿಲ್ಲವಂತೆ.

ದೇವಕ್ಕನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು.

ಇಂಗ್ಲೆಂಡಿಗೆ ಹೋಗಬೇಕಾದವಳು ತಾನು. ಮೆಟ್ರಿಕ್ಕಿನಲ್ಲಿ ಶಾಲೆಗೇ ಮೊದಲಿಗಳಾದವಳು ತಾನು. ಅಪ್ಪ ಅವಳನ್ನು ಗಿರಣಿ ಕೆಲಸದ ದಾನಪ್ಪನಿಗೆ ಕೊಟ್ಟು ಕೈ ತೊಳೆದುಕೊಂಡ. ಅಪ್ಪ ಸತ್ತ ಮೇಲೆ ತಂಗಿಯ ಓದಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಅವಳು ನರ್ಸಿಂಗ್ ಕಲಿಯಲು ವಿಮಾನ ಹತ್ತಿದಳು. ದಾನಪ್ಪ ಮೂರು ದಿನದ ಜ್ವರಕ್ಕೆ ತೀರಿಕೊಂಡಾಗ ದೇವಕ್ಕನಿಗೆ ಇಪ್ಪತ್ತಾರು. ಮುಂಬಯಿಯ ಕುರ್ಲಾದಲ್ಲಿದ್ದ ತವರಿನ ಒಂದೇ ಕೋಣೆಯ ಖೋಲಿಗೆ ಬಂದು ಗೋಡೆಗೆ ಆತು ಕುಳಿತವಳು ಹದಿನಾಲ್ಕು ತಿಂಗಳು ಚಾಳಿನ ಗೇಟು ದಾಟಿರಲಿಲ್ಲ.

ಮೊದಲ ವರ್ಷ ಭಾಗೂನ ಪತ್ರಗಳಲ್ಲಿ ಚಳಿ, ಪರೀಕ್ಷೆ, ಉಪ್ಪಿಲ್ಲದ ಊಟ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಎರಡನೆಯ ವರ್ಷ ತಿರುಗಾಟ ಶುರುವಾಯಿತು. ವಾರಕ್ಕೊಂದು ಪತ್ರ, ಪತ್ರಕ್ಕೊಂದು ಊರು.

'ಸಮುದ್ರ ಇವಳೊಬ್ಬಳಿಗೇ ಇದೆಯೇನು?' ಎಂದುಕೊಂಡಳು ದೇವಕ್ಕ. ಮುಂದಿನ ಭಾನುವಾರ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಲೋಕಲ್ ಹಿಡಿದಳು. ಗೇಟ್‌ವೇ ಮುಂದೆ ದೋಣಿ ಹತ್ತಿ ಸಮುದ್ರದ ನಡುವಿನ ಘಾರಾಪುರಿ ದ್ವೀಪಕ್ಕೆ ಹೋಗಿ ಬಂದಳು. ಅವಳ ಸೆರಗೂ ಗಾಳಿಗೆ ಹಾರಿತು. ಮನೆಗೆ ಬಂದು ಅದನ್ನೆಲ್ಲ ಬಿಡದೆ ವರ್ಣಿಸಿ ತಂಗಿಗೆ ಪತ್ರ ಬರೆದಳು.

ಭಾಗೂ ಸೋಲಲಿಲ್ಲ. ವಿಂಡ್ಸರ್ ಕೋಟೆ ನೋಡಿದೆ ಎಂದು ಬರೆದಳು. ದೇವಕ್ಕ ಸಾಯನ್ ಕೋಟೆ ಹತ್ತಿದಳು. ಭಾಗೂ ಪ್ರಾಣಿಸಂಗ್ರಹಾಲಯಕ್ಕೆ ಹೋದರೆ ದೇವಕ್ಕ ರಾಣಿಬಾಗಿನ ಪ್ರಾಣಿಗಳನ್ನು ನೋಡಿ ಬಂದಳು. ಗುಹೆ ನೋಡಿದೆ ಎಂದು ತಂಗಿಯ ಪತ್ರ ಬಂದಾಗ ಇವಳು ದಾದರಿನಲ್ಲಿ ಗಾಡಿ ಬದಲಿಸಿ ಕಾನ್ಹೇರಿ ಗುಹೆಗಳಿಗೆ ನಡೆದಳು. ತಂಗಿ ಯಾವ ಊರಿನ ಹೆಸರು ಎತ್ತಿದರೂ ಮುಂಬಯಿಯಲ್ಲಿ ಅದಕ್ಕೊಂದು ಜೋಡಿ ಸಿಗುತ್ತಿತ್ತು. ಸುಂದ್ರವ್ವ ಏನೂ ಕೇಳುತ್ತಿರಲಿಲ್ಲ. ಭಾನುವಾರ ಬೆಳಗಾದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಡುತ್ತಿದ್ದಳು. ದೇವಕ್ಕ ಹೊರಟ ಮೇಲೆ, ನೋಯುವ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿ, ಕನ್ನಡ ಶಾಲೆಯ ಟೀಚರ್ ರುಕ್ಮಿಣಿಬಾಯಿಯ ಜೊತೆ ಮಾತಿಗೆ ಕೂರುತ್ತಿದ್ದಳು.

ಕಾನ್ಹೇರಿಯಿಂದ ಮರಳುವಾಗ ದಾದರಿನಲ್ಲಿ ಟೈಪಿಂಗ್ ಕ್ಲಾಸಿನ ಬೋರ್ಡು ಕಣ್ಣಿಗೆ ಬಿತ್ತು. ಕಲಿಯುವುದೂ ತಂಗಿಯೊಬ್ಬಳದೇ ಹಕ್ಕೇನು? ಮರುದಿನವೇ ಹೆಸರು ಬರೆಸಿದಳು. ಎಂಟು ತಿಂಗಳಲ್ಲಿ ಅಲ್ಲೇ ಸಮೀಪದ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಆದರೂ ನೀಲಿ ಕಾಗದ ಬಂದ ದಿನ ಉಣ್ಣುವುದನ್ನು ಬಿಟ್ಟು ಮುಂದಿನ ಭಾನುವಾರಕ್ಕೆ ಅದರ ಜೋಡಿ ಹುಡುಕುತ್ತಿದ್ದಳು.

ಹೀಗಿರುವಾಗ ದಹಿಸರಿನಲ್ಲಿ ಬೇಕರಿ ಇಟ್ಟಿದ್ದ ಮಂಗಳೂರಿನ ದೂಜ ಎಂಬವರು ಹೇಳಿ ಕಳಿಸಿದರು. ಅವರ ಮಗಳು ಭಾಗೂನ ಆಸ್ಪತ್ರೆಯಲ್ಲೇ ಕಲಿಯುವವಳು, ರಜೆಗೆ ಬಂದಿದ್ದಳು. ಅವ್ವನಿಗೆಂದು ಭಾಗೂ ಅವಳ ಕೈಯಲ್ಲಿ ಉಣ್ಣೆಯ ಶಾಲು ಕಳಿಸಿದ್ದಳು. ದೇವಕ್ಕ ತರಲು ಹೋದಳು. ಚಹಾ ಕುಡಿಯುತ್ತ, ಭಾಗೂ ಜೊತೆ ನೀವೂ ಬ್ರೈಟನ್, ವಿಂಡ್ಸರ್ ಅಂತ ತುಂಬಾ ಊರು ಸುತ್ತಿರಬೇಕು ಎಂದು ಕೊಂಕಿನಲ್ಲೇ ಕೇಳಿದಳು.

ಹುಡುಗಿ ಬೆರಗಾದಳು. "ಭಾಗೂ ಎಲ್ಲಿಗೂ ಬರುವುದಿಲ್ಲ ಅಕ್ಕ. ಭಾನುವಾರ ನಾವು ಕರೆದು ಕರೆದು ಸಾಕಾಗಿದೆ. ರೂಮಿನಲ್ಲಿ ಪುಸ್ತಕ ಹಿಡಿದು ಕೂತರೆ ಕೂತದ್ದೇ. ಬ್ರೈಟನ್ ಬಿಡಿ, ಊರಿನ ಪಾರ್ಕೂ ಅವಳು ಸರಿಯಾಗಿ ನೋಡಿಲ್ಲ."

ಎರಡು ವರ್ಷದಲ್ಲಿ ದೇವಕ್ಕ ಅಷ್ಟು ಹಗುರಾಗಿ ಲೋಕಲ್ಲಿನಲ್ಲಿ ಕುಳಿತಿರಲಿಲ್ಲ. ಎಲ್ಲ ಸುಳ್ಳು! ಅಕ್ಕನನ್ನು ಉರಿಸಲೆಂದು ಕಟ್ಟಿದ ಬುರುಡೆ. ನಿಜವಾಗಿ ಕೋಟೆ ಹತ್ತಿದವಳು, ದೋಣಿಯಲ್ಲಿ ಕುಳಿತವಳು, ಗುಹೆಯ ತಂಪು ಮುಟ್ಟಿದವಳು ತಾನೊಬ್ಬಳೇ. ದಹಿಸರಿನಿಂದ ದಾದರ್, ದಾದರಿನಿಂದ ಕುರ್ಲಾ, ದಾರಿಯುದ್ದಕ್ಕೂ ತಾಯಿಯ ಮುಂದೆ ಆಡುವ ಮಾತುಗಳನ್ನು ಮಸೆದಳು.

ಸುಂದ್ರವ್ವ ಹೊಸ್ತಿಲಲ್ಲೇ ಕುಳಿತಿದ್ದಳು. ದೇವಕ್ಕ ಶಾಲನ್ನು ಅವಳ ಮಡಿಲಿಗೆ ಹಾಕಿ, ನಿಂತಲ್ಲೇ ಎಲ್ಲವನ್ನೂ ಒದರಿದಳು.

"ನಿನ್ನ ಮುದ್ದಿನ ಮಗಳು ಬರದದ್ದೆಲ್ಲ ಸುಳ್ಳವ್ವ. ಆಕಿ ಒಂದು ಊರೂ ನೋಡಿಲ್ಲ."

ಸುಂದ್ರವ್ವ ಶಾಲಿನ ಅಂಚನ್ನು ನಿಧಾನವಾಗಿ ಸವರಿದಳು. ಮುಖದಲ್ಲಿ ಅಚ್ಚರಿ ಕಾಣಲಿಲ್ಲ.

"ನೋಡಿಲ್ಲ ಅಂತ ನನಗ ಗೊತ್ತೈತಿ. 'ನಿಮ್ಮಕ್ಕ ಮೂಲಿ ಹಿಡದು ಕುಂತಾಳ, ನನ್ನ ಮಾತಿಗೆ ಏಳವಲ್ಲಳು, ಹೊಟ್ಟಿಕಿಚ್ಚಿಗರ ಎದ್ದಾಳು, ವಾರಕ್ಕೊಂದು ಊರು ನೋಡೀನಂತ ಬರಿ' ಅಂತ ರುಕ್ಮಿಣಿಬಾಯಿ ಕಡಿಂದ ಆಕಿಗೆ ಬರಸಿದಾಕಿ ನಾನ."