ತಿದ್ದುವ ಕೈ

ರಂಗದ ಮೇಲಿನ ಫೋನು ರಿಂಗಾಗಬೇಕಿತ್ತು, ಆಗಲಿಲ್ಲ. ಮಗಳ ಕರೆಗಾಗಿ ಕಾದು ಕೂತ ಅಪ್ಪನ ಪಾತ್ರದಲ್ಲಿದ್ದ ಹಿರಿಯ ನಟರು ಅದರತ್ತ ಕೈ ಚಾಚಿದರು. ಚಾಚಿದ ಕೈಯನ್ನು ಸುಮ್ಮನೆ ಹಿಂದಕ್ಕೆ ಎಳೆದುಕೊಳ್ಳಲಾಗದೆ ಮೇಜಿನ ಮೇಲಿನ ಧೂಳು ಒರೆಸಿದರು. ಧೂಳೂ ಮುಗಿದ ಮೇಲೆ ಕನ್ನಡಕ ತೆಗೆದು ಅದನ್ನೂ ಒರೆಸಿದರು. ಮೊದಲ ಪ್ರದರ್ಶನ, ಒಂದು ಕುರ್ಚಿಯೂ ಖಾಲಿಯಿಲ್ಲ. ಪರದೆಯ ಮರೆಯಲ್ಲಿ ಮುಂದಿನ ದೃಶ್ಯದ ನಟಿಯ ಕೋಟಿಗೆ ಗುಂಡಿ ಹಾಕುತ್ತಿದ್ದ ಅಕ್ಕ ಅದನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಅಕ್ಕ ಆ ತಂಡದ ರಂಗ ನಿರ್ವಾಹಕಿ. ಯಾವ ದೀಪ ಯಾವಾಗ ಹತ್ತಬೇಕು, ಯಾವ ಸದ್ದು ಯಾವ ಮಾತಿನ ಬೆನ್ನಿಗೆ ಬರಬೇಕು, ಎಲ್ಲ ಅವಳ ಉಸ್ತುವಾರಿ. ನಿರ್ದೇಶಕ ಅವಳ ಒಡಹುಟ್ಟಿದ ತಮ್ಮ. ಅವನು ಕರೆದದ್ದನ್ನೇ ಕೇಳಿ ಕೇಳಿ ಇಡೀ ತಂಡಕ್ಕೆ ಅವಳು ಅಕ್ಕನಾಗಿದ್ದಳು. ಬೆಳಕು, ಸದ್ದು ಎರಡನ್ನೂ ನಡೆಸುವವನಿಗೆ ತಂಡ ದೀಪಣ್ಣ ಎಂದು ಹೆಸರಿಟ್ಟಿತ್ತು. ಮೇಲಿನ ಕೋಣೆಯಲ್ಲಿದ್ದ ಅವನನ್ನು ಅಕ್ಕ ಮೈಕಿನಲ್ಲಿ ಪಿಸುದನಿಯಲ್ಲೇ ಹಿಡಿದುಕೊಂಡಳು.

"ಫೋನ್ ಸದ್ದು ಎಲ್ಲಯ್ಯಾ?"

"ಸೂಚನೆಗಳ ಫೈಲಲ್ಲಿ ಇಲ್ಲ ಅಕ್ಕಾ. ಈಗ ತಾನೇ ನನ್ನ ಕಣ್ಣೆದುರಿಗೇ ಅಳಿಸಿಹೋಯ್ತು. ನೀವೇ ತೆಗೆದ್ರಿ ಅಂದ್ಕೊಂಡೆ."

ಅಕ್ಕ ಪರದೆ ಸರಿಸಿ ಇಣುಕಿದಳು. ಕತ್ತಲೆಯ ಸಭಾಂಗಣದಲ್ಲಿ ಒಂದೇ ಒಂದು ಮುಖಕ್ಕೆ ಕೆಳಗಿನಿಂದ ಬೆಳಕು ಬಿದ್ದಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ತಮ್ಮ ಮೊಬೈಲು ಮಡಿಲಲ್ಲಿಟ್ಟುಕೊಂಡು, ತನ್ನದೇ ನಾಟಕದತ್ತ ತಲೆಯೂ ಎತ್ತದೆ ಅದರಲ್ಲಿ ಏನನ್ನೋ ತಿದ್ದುತ್ತಿದ್ದ.

ತಪ್ಪು ಒಂದು ಬಗೆಯಲ್ಲಿ ಅವಳದೇ. ಮೊದಲೆಲ್ಲ ಸೂಚನೆಗಳನ್ನು ಹಾಳೆಯಲ್ಲಿ ಅಚ್ಚು ಹಾಕಿ ಹಂಚುತ್ತಿದ್ದರು. ತಮ್ಮ ದಿನಕ್ಕೊಂದು ಮನಸ್ಸು ಮಾಡುವವನು. ಒಬ್ಬರ ಕೈಯಲ್ಲಿ ಹಳೆಯ ಹಾಳೆ, ಇನ್ನೊಬ್ಬರ ಕೈಯಲ್ಲಿ ಹೊಸದು ಉಳಿದು, ಒಂದು ತಾಲೀಮಿನಲ್ಲಿ ಮಟಮಟ ಮಧ್ಯಾಹ್ನಕ್ಕೆ ಚಂದ್ರ ಹುಟ್ಟಿದ್ದ. ಅದಕ್ಕೇ ಅವಳು ಎಲ್ಲವನ್ನೂ ಕ್ಲೌಡಿಗೆ ಏರಿಸಿ, ಎಲ್ಲರಿಗೂ ಒಂದೇ ಫೈಲು, ಎಲ್ಲರಿಗೂ ತಿದ್ದುವ ಅನುಮತಿ ಎಂದು ಉದಾರಿಯಾಗಿದ್ದಳು. ಮೊದಲ ಪ್ರದರ್ಶನದ ದಿನ ನಿರ್ದೇಶಕ ತನ್ನ ಪ್ರತಿಯನ್ನು ನಿರ್ವಾಹಕಿಯ ಕೈಗೊಪ್ಪಿಸಿ, ಆಮೇಲೆ ನಾಟಕದ ಗೊಡವೆ ಬಿಡುವುದು ಆ ತಂಡದ ರೂಢಿ. ಕ್ಲೌಡಿನಲ್ಲಿ ಕೈಯಿಂದ ಕೈಗೆ ಕೊಡುವಂಥದ್ದು ಏನೂ ಇರಲಿಲ್ಲ. ಹಾಗಾಗಿ ನಾಟಕ ತನ್ನ ಕೈ ಬಿಟ್ಟಿದೆ ಎಂದು ತಮ್ಮನಿಗೆ ಅನಿಸಿರಲೂ ಇಲ್ಲ. ಫೋನು ರಿಂಗಾಗದೇ ಇದ್ದರೆ ಇನ್ನೂ ಚೆಂದ ಎಂದು ಹೊಳೆದಿದೆ, ಅಳಿಸಿದ್ದಾನೆ. ಆ ಫೈಲು ಎಲ್ಲರ ಕೈಯಲ್ಲೂ ಇತ್ತು, ರಂಗದ ಮೇಲೆ ನಿಂತವರೊಬ್ಬರನ್ನು ಬಿಟ್ಟು.

ಹಿರಿಯ ನಟರು ಕನ್ನಡಕ ಹಾಕಿಕೊಂಡು, ನಿಟ್ಟುಸಿರು ಬಿಟ್ಟು, ತಾವೇ ರಿಸೀವರ್ ಎತ್ತಿ ನಂಬರ್ ಒತ್ತಿದರು. "ನೀನು ಮಾಡ್ತೀಯ ಅಂತ ಕಾದು ಕಾದು ಸಾಕಾಯ್ತು ಮಗಳೇ. ನಾನೇ ಮಾಡ್ಬಿಟ್ಟೆ." ಕಣ್ಣೊರೆಸಿಕೊಳ್ಳಬೇಕಾದ ಜಾಗದಲ್ಲಿ ಸಭೆ ನಕ್ಕಿತು. ನಟರು ಹೇಗೋ ದಡ ಸೇರಿದರು. ಆದರೆ ಕೊನೆಯ ದೃಶ್ಯ ಇನ್ನೂ ಬಾಕಿ ಇತ್ತು, ಅದು ಕೆಟ್ಟರೆ ನಾಟಕವೇ ಕೆಟ್ಟಂತೆ.

ಅಕ್ಕ ಟ್ಯಾಬ್ ಕೈಗೆತ್ತಿಕೊಂಡಳು. ತಮ್ಮನ ಹೆಸರಿನ ಮುಂದೆ "ನೋಡಬಹುದು, ತಿದ್ದುವಂತಿಲ್ಲ" ಎಂಬುದನ್ನು ಒತ್ತಿದಳು. ಆಮೇಲೆ ಫೈಲಿನ ಹಳೆಯ ಪ್ರತಿಗಳನ್ನು ಹುಡುಕಿ, ಹಿಂದಿನ ಸಂಜೆಯ ಕೊನೆಯ ತಾಲೀಮಿನದನ್ನು ಹಾಗೇ ಮರಳಿ ತಂದಳು. ನಟರೆಲ್ಲ ಬಲ್ಲದ್ದು ಅದನ್ನೇ. ಇನ್ನು ಇದೇ ಕೊನೆ, ಇದನ್ನು ಬಿಟ್ಟು ಆಚೀಚೆ ಹೋಗಬೇಡ ಎಂದು ದೀಪಣ್ಣನಿಗೆ ತಾಕೀತು ಮಾಡಿದಳು.

ಕೂಡಲೇ ತಮ್ಮನ ಕೋರಿಕೆ ಬಂತು, ತಿದ್ದಲು ಅನುಮತಿ ಬೇಕೆಂದು. ಮೊದಲನೆಯದು ನಿರ್ದೇಶಕನ ಗತ್ತಿನಲ್ಲಿತ್ತು. ಎರಡನೆಯದರಲ್ಲಿ, ಕೊನೆಗೆ ನೀಲಿ ಬೆಳಕು ಬಾರದಿದ್ದರೆ ನಾಟಕ ಮುಳುಗುತ್ತದೆ ಎಂಬ ಗೋಳು. ಮೂರನೆಯದರಲ್ಲಿ ಒಂದೇ ಸಾಲು: "ಅಮ್ಮನಿಗೆ ಹೇಳ್ತೀನಿ ನೋಡು."

ಅಕ್ಕನಿಗೆ ನಗುವೂ ಬಂತು, ಪಾಪ ಎಂದೂ ಅನಿಸಿತು. ಚಿಕ್ಕಂದಿನಿಂದ ಅವನು ಅತ್ತು ಕೇಳಿದ್ದನ್ನೆಲ್ಲ ಕೊಟ್ಟೇ ಅಭ್ಯಾಸವಾದ ಕೈ, ಬೆರಳು ಅನುಮತಿಯ ಗುಂಡಿಯ ತನಕ ಹೋಯಿತು. ರಂಗದ ಮೇಲೆ ಹಿರಿಯ ನಟರು ಕಿಟಕಿಯ ಬಳಿ ಹೋಗಿ, ಕೊನೆಯ ತಾಲೀಮಿನಲ್ಲಿ ಬಂದಿದ್ದ ಹಳದಿ ಬೆಳಕಿಗಾಗಿ ಕಾದು ನಿಂತದ್ದು ಕಂಡಿತು. ಅವಳು ಟ್ಯಾಬನ್ನು ಬೋರಲು ಹಾಕಿದಳು. ತುಸು ಹೊತ್ತಿಗೆ ಮೂರನೇ ಸಾಲಿನ ಬೆಳಕೂ ಆರಿತು.

ಕೊನೆಯ ದೃಶ್ಯದಲ್ಲಿ ಕಿಟಕಿಯ ಹಳದಿ ಬೆಳಕು ಅಪ್ಪನ ಮುಖ ಬಿಟ್ಟು ಕುರ್ಚಿಗೆ, ಕುರ್ಚಿ ಬಿಟ್ಟು ನೆಲಕ್ಕೆ ನಿಧಾನವಾಗಿ ಇಳಿದು ಹೋಯಿತು. ಸಭೆ ಒಮ್ಮೆಲೇ ಚಪ್ಪಾಳೆ ತಟ್ಟಿತು.

ತಮ್ಮ ಪರದೆಯ ಹಿಂದಕ್ಕೆ ಬಂದಾಗ ಅಕ್ಕ ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದಳು. ಆದರೆ ಅವನ ಕಣ್ಣು ಅತ್ತು ಕೆಂಪಾಗಿತ್ತು, ದನಿಯಲ್ಲಿ ಮಾತ್ರ ಸಣ್ಣ ಹೊಟ್ಟೆಕಿಚ್ಚಿತ್ತು.

"ಆ ಕೊನೇ ಬೆಳಕು ಯಾರ ಯೋಚನೆ? ನಿಜ ಹೇಳು, ದೀಪಣ್ಣನದಾ?"

"ನಿನ್ನದೇ ಕಣೋ, ನಿನ್ನೆ ಸಂಜೆ ನೀನೇ ಬರೆದಿದ್ದು," ಎಂದಳು ಅಕ್ಕ. "ಅದು ನಿನ್ನ ಕೈಗೆ ಸಿಗದ ಹಾಗೆ ನೋಡ್ಕೊಂಡೆ, ಅಷ್ಟೇ."