ಬೇಲಿಗಿಂತ ಎತ್ತರದ ಹುಂಜ

ವರ್ಜಿಲ್‌ನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಓಝಾರ್ಕ್ ಗುಡ್ಡದ ಬೆಳಗಿನ ಮಂಜಿನಲ್ಲಿ, ಬೇಲಿಯಾಚೆ, ಕಾಡು ಟರ್ಕಿ ಹುಂಜವೊಂದು ಮೆಲ್ಲಗೆ ಸಾಗುತ್ತಿತ್ತು. ತಾಮ್ರದ ಹೊಳಪಿನ ಗರಿ, ಕೆಂಪು ನೀಲಿ ಬೆರೆತ ಬೋಳು ತಲೆ, ಎದೆಯಿಂದ ಜೋತ ಕಪ್ಪು ಕೂದಲ ಕುಚ್ಚು. ಹತ್ತು ಕಿಲೋಗೆ ಮೋಸವಿಲ್ಲ.

ಬೇಲಿಯ ಮೇಲಿನ ತಂತಿ ಕಣ್ಣಿಗೆ ಬಿದ್ದದ್ದು ಆಗಲೇ. ಅದು ಅವನ ಎದೆಮಟ್ಟಕ್ಕಿತ್ತು. ಎಂಥ ಹುಂಜವಾದರೂ ಸೊಂಟದೆತ್ತರ ದಾಟುವುದಿಲ್ಲ; ಇದರ ಬಾಲ ತಂತಿಗಿಂತ ಮೇಲೆ ಅಲ್ಲಾಡುತ್ತಿತ್ತು. ಬೆರಳನ್ನು ಕುದುರೆಯಿಂದ ತೆಗೆದ. "ಯಾರದು?" ಎಂದು ಕೂಗಿದ.

ಹುಂಜ ನಿಂತಿತು. ಅದರ ಪಕ್ಕದಿಂದ ಅವನ ಹೆಂಡತಿ ಓಪಲ್‌ಳ ಮುಖ ಈಚೆ ತಿರುಗಿತು. ತಾನು ಬಿಲ್ಲಿನಿಂದ ಹೊಡೆದ ಹುಂಜವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು.

"ನೋಡೋ, ಇಂಥದ್ದು ನಿಂಗೂ ಸಿಕ್ಕಿಲ್ಲ!" ಎಂದು ಪಿಸುಗುಟ್ಟಿದಳು. "ಕಾಡಲ್ಲಿ ಬಾಯಿ ಮುಚ್ಕೊಂಡಿರು ಅಂದಿದ್ಯಲ್ಲ, ಒಂಚೂರೂ ಸದ್ದು ಮಾಡ್ದೆ ಬಂದೆ."

ವರ್ಜಿಲ್ ಬಂದೂಕಿನ ಮೂತಿಯನ್ನು ನೆಲಕ್ಕಿಳಿಸಿ ತೋಟಾ ಹೊರತೆಗೆದ.

"ಮಾತಾಡು," ಅಂದ.

"ಏನು ಮಾತಾಡ್ಲಿ?"

"ಏನಾದ್ರೂ. ಮನೆ ಮುಟ್ಟೋ ತನಕ ನಿಲ್ಲಿಸ್ಬೇಡ."